ಗ್ಯಾಸ್ ಎಲ್ಲಿ ಸೋರಿತು ಎಂದು ಕೇಳಿ

ಕಲಬುರಗಿಯ ಏಪ್ರಿಲ್ ಬಿಸಿಲು 40 ಡಿಗ್ರಿ ದಾಟುತ್ತದೆ. ಎಂಬತ್ತು ದಾಟಿದ ಅವ್ವನಿಗಾಗಿ ಎಸಿ ಹಾಕಿಸಿದ್ದೇವೆ. ಹೋದ ಬೇಸಿಗೆಯಲ್ಲಿ ಅದು ತಂಪು ಕೊಡದಾಯಿತು. ಬಂದ ಮೆಕ್ಯಾನಿಕ್ ಮುಚ್ಚಳವನ್ನೂ ತೆಗೆಯದೆ, ‘ಗ್ಯಾಸ್ ಖಾಲಿ ಆಗ್ಯದ್ರಿ, 3,000 ಆಗ್ತದ’ ಎಂದ. ಅವ್ವ ಝಳಕ್ಕೆ ಒದ್ದಾಡುತ್ತಿದ್ದಳು; ಮರುಮಾತಿಲ್ಲದೆ ಕೊಟ್ಟೆ. ಎರಡೇ ತಿಂಗಳಿಗೆ ಮತ್ತೆ ಅದೇ ಕಥೆ.

ಎಸಿಯ ಗ್ಯಾಸ್ ಪೆಟ್ರೋಲಿನಂತೆ ಉರಿದು ಮುಗಿಯುವಂಥದ್ದಲ್ಲ. ಮುಚ್ಚಿದ ಕೊಳವೆಗಳೊಳಗೆ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಆ ಸೋರಿಕೆ ಮುಚ್ಚದೆ ಗ್ಯಾಸ್ ತುಂಬುವುದು ತೂತು ಕೊಡಕ್ಕೆ ನೀರು ಹೊಯ್ದಂತೆ. ಎರಡನೆಯ ಸಲ ಬಂದ ಹುಡುಗ ಕೊಳವೆಗೆಲ್ಲ ಸೋಪಿನ ನೊರೆ ಹಚ್ಚಿ ಕಾದ. ಹೊರಗಿನ ಯೂನಿಟ್ಟಿನ ನಟ್ಟಿನ ಬಳಿ ಸಾಸಿವೆ ಕಾಳಿನಷ್ಟು ಗುಳ್ಳೆಗಳೆದ್ದವು. ನನ್ನ ಹಣ ಹೋದದ್ದು ಆ ದಾರಿಯಲ್ಲಿ.

ಫಿಲ್ಟರನ್ನು ಹದಿನೈದು ದಿನಕ್ಕೊಮ್ಮೆ ನಲ್ಲಿಯ ಕೆಳಗೆ ನಾನೇ ತೊಳೆಯುತ್ತೇನೆ. ನಮ್ಮೂರ ಧೂಳಿಗೆ ಅಷ್ಟು ಬೇಕೇ ಬೇಕು, ಖರ್ಚೂ ಇಲ್ಲ. ಯುಗಾದಿಗೆ ಮೊದಲೇ ಸರ್ವಿಸ್ ಮಾಡಿಸುತ್ತೇನೆ. ಆದರೆ ಗ್ಯಾಸಿನ ಮಾತು ಬಂದರೆ ಬರೀ ಮಾತು ಸಾಲದು. ಎಷ್ಟು ಗ್ಯಾಸ್ ಇರಬೇಕೆಂದು ಹೊರಗಿನ ಯೂನಿಟ್ಟಿನ ಪಟ್ಟಿಯಲ್ಲೇ ಅಚ್ಚಾಗಿರುತ್ತದೆ. ಎಷ್ಟು ಗ್ರಾಂ ತುಂಬಿದರು, ಸೋರಿಕೆ ಎಲ್ಲಿತ್ತು ಎಂಬುದನ್ನು ಬಿಲ್ಲಿನಲ್ಲಿ ಬರೆದುಕೊಡುವುದು ಕಡ್ಡಾಯವಾಗಬೇಕು.