ಕಾಲೇಜು ಬದಲಿಸಬಹುದು, ವಿದ್ಯಾರ್ಥಿವೇತನ ಜೊತೆಗೆ ಬರುವುದಿಲ್ಲ

2025ರ ಮೇ 22ರಂದು ಅಮೆರಿಕದ ಗೃಹ ಭದ್ರತಾ ಇಲಾಖೆಯು ವಿದೇಶಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಲು ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಇದ್ದ ಮಾನ್ಯತೆಯನ್ನು ರದ್ದುಪಡಿಸಿತು. ಈಗಾಗಲೇ ಓದುತ್ತಿರುವವರು ಬೇರೆಡೆಗೆ ವರ್ಗಾವಣೆ ಪಡೆಯಬೇಕು, ಇಲ್ಲವಾದರೆ ದೇಶದಲ್ಲಿ ಉಳಿಯುವ ಹಕ್ಕು ಕಳೆದುಕೊಳ್ಳುತ್ತಾರೆ ಎಂದಿತು. ಮರುದಿನವೇ ನ್ಯಾಯಾಲಯ ತಡೆ ನೀಡಿತು. ಆ ಸುದ್ದಿ ಬಂದಾಗ ನಮ್ಮ ಹಾಸ್ಟೆಲಿನಲ್ಲಿ ಒಬ್ಬ, ‘ಅದಕ್ಕೇನಂತೆ, ಬೇರೆ ಕಾಲೇಜಿಗೆ ಹೋದರಾಯಿತು’ ಎಂದ. ನನಗೆ ಪಿಯುಸಿಯ ಸಹಪಾಠಿಯೊಬ್ಬಳು ನೆನಪಾದಳು.

ಅವಳು ಅರ್ಧ ಶುಲ್ಕ ವಿನಾಯಿತಿ ಪಡೆದು ಅಲ್ಲಿನ ಸಣ್ಣ ಖಾಸಗಿ ಕಾಲೇಜು ಸೇರಿದ್ದಳು. ಇಷ್ಟದ ವಿಷಯ ಅಲ್ಲಿ ಇರಲಿಲ್ಲ. ಎರಡನೇ ವರ್ಷ ದೊಡ್ಡ ವಿಶ್ವವಿದ್ಯಾಲಯವೊಂದಕ್ಕೆ ಅರ್ಜಿ ಹಾಕಿದಳು, ಸೀಟೂ ಸಿಕ್ಕಿತು. ಆದರೆ ಹಣಕಾಸು ನೆರವು ಸೊನ್ನೆ. ಹೈಸ್ಕೂಲು ಮೇಷ್ಟ್ರಾದ ಅಪ್ಪ ಆಗಲೇ ಮನೆ ಅಡವಿಟ್ಟಿದ್ದರು. ಅವಳು ಹಳೆಯ ಕಾಲೇಜಿನಲ್ಲೇ ಉಳಿದಳು.

ಇದಕ್ಕೆ ಕಾರಣ ಸರಳ. ಅಮೆರಿಕದ ಕೇಂದ್ರ ಸರ್ಕಾರದ ವಿದ್ಯಾರ್ಥಿ ನೆರವು ವಿದ್ಯಾರ್ಥಿ ವೀಸಾದಲ್ಲಿ ಹೋದವರಿಗೆ ಸಿಗುವುದಿಲ್ಲ. ನಮ್ಮವರಿಗೆ ಸಿಗುವ ವಿನಾಯಿತಿ ಬಹುಪಾಲು ಆಯಾ ಕಾಲೇಜಿನದೇ ಹಣ. ಕಾಲೇಜು ಬಿಟ್ಟರೆ ಅದೂ ನಿಲ್ಲುತ್ತದೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿಯಂಥ ಕೆಲವೇ ಸಂಸ್ಥೆಗಳು ಮೊದಲ ವರ್ಷಕ್ಕೆ ಅರ್ಜಿ ಹಾಕುವ ವಿದೇಶಿಯರ ಹಣದ ಸ್ಥಿತಿ ನೋಡದೆ ಪ್ರವೇಶ ಕೊಡುತ್ತವೆ. ನಡುವೆ ಬರುವ ವಿದೇಶಿಯರಿಗೆ ಹಲವು ವಿಶ್ವವಿದ್ಯಾಲಯಗಳು ನೆರವನ್ನೇ ಕೊಡುವುದಿಲ್ಲ. ಪ್ರತಿಭಾ ವಿದ್ಯಾರ್ಥಿವೇತನಗಳೂ ಹೆಚ್ಚಾಗಿ ಹೊಸಬರಿಗೇ ಮೀಸಲು.

ಇನ್ನೊಂದು ನಷ್ಟ ಕ್ರೆಡಿಟ್‌ಗಳದು. ಅಲ್ಲಿನ ಪದವಿಗೆ ಸಾಮಾನ್ಯವಾಗಿ 120 ಕ್ರೆಡಿಟ್ ಬೇಕು. ಹಳೆಯ ಕಾಲೇಜಿನವನ್ನು ಹೊಸದು ಪೂರ್ತಿ ಒಪ್ಪದಿದ್ದರೆ ಒಂದು ಸೆಮಿಸ್ಟರ್ ಹೆಚ್ಚು ಓದಬೇಕಾಗಬಹುದು. ಅದರ ಶುಲ್ಕ, ಊಟ, ಬಾಡಿಗೆ ಎಲ್ಲವೂ ಡಾಲರಿನಲ್ಲಿ. ಹೊಸ ಐ-20 ಪತ್ರಕ್ಕೆ ಮತ್ತೆ ಬ್ಯಾಂಕಿನ ಹಣ ತೋರಿಸಬೇಕು. ಹೊಸ ಕಾಲೇಜಿನ ತರಗತಿ ಐದು ತಿಂಗಳೊಳಗೆ ಶುರುವಾಗಬೇಕು.

ಈ ಬಾಗಿಲೂ ಕಿರಿದಾಗುವ ಸೂಚನೆ ಇದೆ. 2025ರ ಆಗಸ್ಟ್‌ನಲ್ಲಿ ಅಮೆರಿಕ ಸರ್ಕಾರ ಪ್ರಸ್ತಾಪಿಸಿದ ನಿಯಮದ ಪ್ರಕಾರ, ಪದವಿ ವಿದ್ಯಾರ್ಥಿ ಮೊದಲ ವರ್ಷ ಮುಗಿಸುವವರೆಗೆ ಕಾಲೇಜು ಬದಲಿಸುವಂತಿಲ್ಲ; ಸ್ನಾತಕೋತ್ತರ ವಿದ್ಯಾರ್ಥಿ ನಡುವೆ ಕೋರ್ಸ್ ಬದಲಿಸುವಂತಿಲ್ಲ. 2024–25ರಲ್ಲಿ ಅಲ್ಲಿದ್ದ ಭಾರತೀಯ ವಿದ್ಯಾರ್ಥಿಗಳು 3,63,019. ಅವರಲ್ಲಿ ಪದವಿಯವರಿಗಿಂತ ಸ್ನಾತಕೋತ್ತರದವರೇ ಹೆಚ್ಚು. ಹಾಗಾಗಿ ಇದರ ಬಿಸಿ ನಮಗೇ ಜಾಸ್ತಿ ತಟ್ಟೀತು.

‘ಮೊದಲು ಯಾವುದಾದರೂ ಕಾಲೇಜು ಸೇರಿಕೊಳ್ಳಿ, ಆಮೇಲೆ ಬದಲಿಸಿದರಾಯಿತು’ ಎನ್ನುವ ಏಜೆಂಟರ ಮಾತನ್ನು ಹಾಗಾಗಿಯೇ ಎಚ್ಚರದಿಂದ ಕೇಳಬೇಕು. ಎಷ್ಟೋ ಏಜೆಂಟರಿಗೆ ಕಮಿಷನ್ ಕೊಡುವುದು ಕಾಲೇಜೇ. ಬದಲಿಸಲೇಬೇಕು ಎನ್ನುವವರು ಕಾಲೇಜಿಗೆ ನೇರವಾಗಿ ಇಮೇಲ್ ಬರೆದು ಮೂರು ಪ್ರಶ್ನೆ ಕೇಳಿ: ನಡುವೆ ಸೇರುವ ವಿದೇಶಿಯರಿಗೆ ನೆರವು ಉಂಟೇ? ನೆರವು ಕೇಳಿದರೆ ಪ್ರವೇಶದ ಅವಕಾಶ ಕಡಿಮೆಯಾಗುತ್ತದೆಯೇ? ನನ್ನ ಎಷ್ಟು ಕ್ರೆಡಿಟ್ ಒಪ್ಪುತ್ತೀರಿ? ಉತ್ತರ ಬರಹದಲ್ಲಿರಲಿ. ಶಿಕ್ಷಣ ಸಾಲ ಇದ್ದರೆ ಬ್ಯಾಂಕ್ ಮ್ಯಾನೇಜರರನ್ನೂ ಕೇಳಿ. ಸಾಲ ಮಂಜೂರಾಗಿರುವುದು ನಿರ್ದಿಷ್ಟ ಕಾಲೇಜಿನ ಹೆಸರಿಗೆ ಎಂಬುದು ನೆನಪಿರಲಿ. ಹೊಸ ಕಾಲೇಜಿನ ನೆರವಿನ ಪತ್ರ ಕೈಗೆ ಬರುವ ಮುನ್ನ ಹಳೆಯ ಸೀಟು ಬಿಡಬೇಡಿ.

ಮೊನ್ನೆ ಫೋನ್ ಮಾಡಿದಾಗ ಗೆಳತಿ ಹೇಳಿದ್ದು: ‘ಸೇರುವ ಮುಂಚೆ ವಿನಾಯಿತಿ ಎಷ್ಟು ಅಂತ ಮಾತ್ರ ನೋಡಿದೆ ಕಣೇ. ಅಲ್ಲಿ ಏನು ಕಲಿಸ್ತಾರೆ ಅಂತ ಸರಿಯಾಗಿ ನೋಡಲಿಲ್ಲ.’ ವಿಮಾನ ಹತ್ತುವ ಮುಂಚೆ ಎರಡನ್ನೂ ನೋಡೋಣ.