ದ್ವೀಪಪ್ರವಾಸಕ್ಕೆ ಯಾರ ಸಲಹೆ?

2024ರ ಜನವರಿಯಲ್ಲಿ ಪ್ರಧಾನಿಯವರು ಲಕ್ಷದ್ವೀಪಕ್ಕೆ ಹೋಗಿಬಂದ ಮೇಲೆ ದೇಶದ ಪ್ರವಾಸಿಗರ ಕಣ್ಣು ಆ ದ್ವೀಪಗಳ ಕಡೆ ಹೊರಳಿತು. ರಜೆಯಲ್ಲಿ ಮಕ್ಕಳು, ಹಿರಿಯರೊಂದಿಗೆ ಸಮುದ್ರ ದಾಟಬೇಕೆನ್ನುವ ಮಲೆನಾಡಿನ ಕುಟುಂಬವೂ ಈಗ ಪ್ರವಾಸ ಏಜೆಂಟರ ಬಾಗಿಲು ತಟ್ಟುತ್ತದೆ. ತಟ್ಟುವುದರಲ್ಲಿ ತಪ್ಪೇನೂ ಇಲ್ಲ. 1967ರ ನಿಯಮಗಳ ಪ್ರಕಾರ ಹೊರಗಿನವರು ಅನುಮತಿ ಪತ್ರವಿಲ್ಲದೆ ಅಲ್ಲಿಗೆ ಕಾಲಿಡುವಂತಿಲ್ಲ. ಕೊಚ್ಚಿಯಿಂದ ಹಡಗು ಹಿಡಿಯಬೇಕೋ, ಅಗತ್ತಿಗೆ ವಿಮಾನ ಹತ್ತಬೇಕೋ ಎಂಬುದನ್ನೂ ತಿಳಿದವರೇ ಹೇಳಬೇಕು. ಆದರೆ ಈ ತಜ್ಞತೆ ಸಾಮಾನ್ಯವಾಗಿ ಟಿಕೆಟ್ಟು, ಕೋಣೆ, ಊಟದ ದರಗಳಲ್ಲಿಗೆ ನಿಂತುಬಿಡುತ್ತದೆ. ಆ ನೆಲ ಎಂಥದು, ಯಾವ ತಿಂಗಳಲ್ಲಿ ಅದು ಅತಿಥಿಗಳನ್ನು ತಾಳಿಕೊಳ್ಳಬಲ್ಲದು ಎಂಬ ಪ್ರಶ್ನೆಯನ್ನು ಕೇಳುವವರೂ ಇಲ್ಲ, ಹೇಳುವವರೂ ಇಲ್ಲ.

ಲಕ್ಷದ್ವೀಪದ 36 ದ್ವೀಪಗಳ ಒಟ್ಟು ನೆಲ 32 ಚದರ ಕಿಲೋಮೀಟರು ಮಾತ್ರ. ಜನವಸತಿಯಿರುವುದು ಹತ್ತರಲ್ಲಿ. 2011ರ ಜನಗಣತಿಯಂತೆ ಅಲ್ಲಿ 64 ಸಾವಿರಕ್ಕೂ ಹೆಚ್ಚು ಜನ ಬಾಳುತ್ತಿದ್ದರು. ನೆಲವೆಂದರೆ ಹವಳದ ಮರಳು. ಹೊಳೆಯಿಲ್ಲ, ಹಳ್ಳವಿಲ್ಲ, ನೀರು ಹಿಡಿದಿಡುವ ಗುಡ್ಡವೂ ಇಲ್ಲ. ಸುರಿದ ಮಳೆ ಮರಳಿನಲ್ಲಿ ಇಂಗಿ, ಕೆಳಗಿನ ಉಪ್ಪುನೀರಿನ ಮೇಲೆ ತೆಳುವಾದ ಸಿಹಿನೀರಿನ ಪದರವಾಗಿ ತೇಲುತ್ತದೆ. ಬಾವಿಗೆ ಪಂಪು ಹಚ್ಚಿ ಅತಿಯಾಗಿ ಎತ್ತಿದರೆ ಅಡಿಯ ಉಪ್ಪು ಮೇಲೇರುತ್ತದೆ. ಶೌಚದ ಗುಂಡಿಯಿಂದ ಇಳಿದದ್ದೂ ಅದೇ ಮರಳಿನ ಮೂಲಕ ಅದೇ ಬಾವಿಗೆ ಸೇರುತ್ತದೆ. ಇದಕ್ಕೆ ಪರಿಹಾರವೆಂದು ಕವರತ್ತಿಯಲ್ಲಿ 2005ರಲ್ಲಿ ಸಮುದ್ರದ ನೀರನ್ನು ಸಿಹಿಯಾಗಿಸುವ ಸ್ಥಾವರವೊಂದು ಆರಂಭವಾಯಿತು. ಅದರ ಸಾಮರ್ಥ್ಯ ದಿನಕ್ಕೆ 1 ಲಕ್ಷ ಲೀಟರು. ದೊಡ್ಡದೆನಿಸುವ ಈ ಅಂಕಿಯನ್ನು ಆ ದ್ವೀಪದ 11 ಸಾವಿರ ಜನರಿಗೆ ಹಂಚಿದರೆ ತಲೆಗೆ ಒಂಬತ್ತು ಲೀಟರು ಬರುತ್ತದೆ. ಕುಡಿಯಲು, ಅಡುಗೆಗೆ ಆದೀತು. ವಸತಿಗೃಹದ ಸ್ನಾನದ ತೊಟ್ಟಿಗೆ ಅದು ಯಾವ ಮೂಲೆಗೆ?

ಇನ್ನು ರಜೆಯ ಕಾಲ. ಶಾಲೆಗಳಿಗೆ ಬಿಡುವಿರುವುದು ಏಪ್ರಿಲ್, ಮೇ ತಿಂಗಳುಗಳಲ್ಲಿ. ಲಕ್ಷದ್ವೀಪದ ಸುತ್ತಲ ಸಮುದ್ರ ಅತಿ ಹೆಚ್ಚು ಕಾಯುವುದೂ ಆಗಲೇ. ಮುಂಗಾರು ಬರುವ ಮೊದಲು ಬಾವಿಗಳ ಸಿಹಿನೀರು ಕುಗ್ಗುವುದೂ ಆಗಲೇ. ನೀರು ಮಿತಿಮೀರಿ ಕಾದಾಗ ಹವಳದ ಜೀವಿಗಳು ತಮ್ಮೊಳಗೆ ನೆಲೆಸಿ ಆಹಾರ ಒದಗಿಸುವ ಸೂಕ್ಷ್ಮ ಪಾಚಿಯನ್ನು ಹೊರಗೆ ತಳ್ಳಿ ಬಿಳಿಚಿಕೊಳ್ಳುತ್ತವೆ. 1998, 2010, 2016 ಮತ್ತು 2024ರಲ್ಲಿ ಅಲ್ಲಿ ಹೀಗಾಯಿತು. ಬಿಳಿಚಿದ ಹವಳ ಸತ್ತೇಹೋಯಿತೆಂದಲ್ಲ, ತಣ್ಣಗಾದರೆ ಚೇತರಿಸಿಕೊಳ್ಳಬಲ್ಲದು. ಅಂಥ ಹೊತ್ತಿನಲ್ಲೇ ಅದರ ಮೇಲೆ ದೋಣಿಯ ಲಂಗರು ಬಿದ್ದರೆ, ಫೋಟೋಕ್ಕಾಗಿ ಮಕ್ಕಳು ಅದರ ಮೇಲೆ ಹತ್ತಿ ನಿಂತರೆ ಉಳಿಯುವುದೆಷ್ಟು? ಬಂಡೆಯಂತೆ ಕಾಣುವ ಹವಳಗಳು ವರ್ಷಕ್ಕೆ ಒಂದು ಸೆಂಟಿಮೀಟರಿನ ಆಸುಪಾಸು ಬೆಳೆಯುತ್ತವೆ. ಅವುಗಳ ನಡುವೆ ಬದುಕುವ ಸಣ್ಣ ಮೀನುಗಳನ್ನು ಹಿಡಿದು, ಜೀವಂತವಾಗಿ ಕಡಲಿಗೆ ಎರಚಿ, ಟ್ಯೂನಾ ಮೀನುಗಳನ್ನು ಸೆಳೆದು ಗಾಳದ ಕೋಲಿನಿಂದ ಎತ್ತುವುದು ದ್ವೀಪದವರ ಜೀವನೋಪಾಯ. ಹವಳ ಹೋದರೆ ಅವರ ಅನ್ನವೂ ಹೋಗುತ್ತದೆ.

ಆದ್ದರಿಂದ ಈ ಪ್ರವಾಸಕ್ಕೆ ನಿಜವಾದ ತಜ್ಞರೆಂದರೆ ಆ ನೀರನ್ನು ಕುಡಿದು ಬೆಳೆದವರು: ಮೀನುಗಾರರು, ತೆಂಗಿನ ತೋಟದವರು, ಮನೆಯಲ್ಲೇ ಅತಿಥಿಗಳನ್ನು ಇಳಿಸಿಕೊಳ್ಳುವವರು. ಅವರನ್ನು ವಿಚಾರಿಸಿ ಹೊರಟ ಕುಟುಂಬ ಬೇಸಿಗೆಯನ್ನು ಬಿಟ್ಟೀತು. ಮಳೆ ಮುಗಿದು ಬಾವಿ ತುಂಬಿದ ಮೇಲೆ, ದಸರಾ ರಜೆಗೆ ಹೋದೀತು. (ಡಿಸೆಂಬರ್ ಇನ್ನೂ ಹಿತ, ಆದರೆ ಅಡಿಕೆ ಕೊಯ್ಲಿನಲ್ಲಿ ಮನೆ ಬಿಟ್ಟು ಹೋಗುವವರಾರು!) ಐದು ದ್ವೀಪಗಳನ್ನು ಓಡುತ್ತ ನೋಡುವ ಬದಲು ಒಂದರಲ್ಲೇ ನಿಂತೀತು. ವೃದ್ಧರಿದ್ದರೆ ರಾತ್ರಿಯಿಡೀ ಸಾಗುವ ಹಡಗಿನ ಓಲಾಟವನ್ನೂ, ದೊಡ್ಡ ಆಸ್ಪತ್ರೆಯಿರುವುದು ಕಡಲಿನಾಚೆ ಎಂಬುದನ್ನೂ ಮೊದಲೇ ಯೋಚಿಸೀತು. ಪ್ಲಾಸ್ಟಿಕ್ಕನ್ನು ಹೊತ್ತು ತಂದಂತೆಯೇ ಹಿಂದಕ್ಕೆ ಒಯ್ದೀತು. ಹವಳದ ಒಂದು ಚೂರನ್ನೂ ಚೀಲಕ್ಕೆ ಹಾಕದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆ ಅದಕ್ಕಿದೆ.

ಪ್ರವಾಸೋದ್ಯಮದಿಂದ ದ್ವೀಪದವರಿಗೆ ವರಮಾನವಿದೆ, ಅದನ್ನು ತಡೆಯಲು ಹೊರಗಿನವರು ಯಾರು ಎಂಬ ವಾದವುಂಟು. ನ್ಯಾಯವಾದ ಮಾತು. ಆದರೆ ಆ ವರಮಾನ ಮೀನುಗಾರನ ಮನೆಗೆ ಹೋಗುವುದೋ, ದೂರದ ಮಹಾನಗರದ ಕಂಪನಿಗೋ ಎಂಬುದು ಅತಿಥಿ ಎಲ್ಲಿ ಇಳಿಯುತ್ತಾನೆ ಎನ್ನುವುದನ್ನು ಅವಲಂಬಿಸಿದೆ.

ಈ ದ್ವೀಪಗಳು ಕನ್ನಡಿಗರಿಗೆ ಅಪರಿಚಿತವಲ್ಲ. ಅಮಿನಿ, ಕಡಮತ್, ಕಿಲ್ತಾನ್ ಮೊದಲಾದವು 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಲ್ಲಿಯವರು ತೆಂಗಿನ ನಾರಿನ ಹುರಿಯನ್ನು ಮಂಗಳೂರಿಗೆ ತಂದು ಅಕ್ಕಿ ಒಯ್ಯುತ್ತಿದ್ದರು. ಇತ್ತ ವಾರಾಂತ್ಯದಲ್ಲಿ ಘಟ್ಟದ ಜಲಪಾತಗಳಿಗೆ ನುಗ್ಗಿ ಬಾಟಲಿ ಒಡೆದು ಹೋಗುವವರನ್ನು ಕಂಡು ರೇಗುವ ಮಲೆನಾಡಿಗ, ದ್ವೀಪದಲ್ಲಿ ಇಳಿದ ಕ್ಷಣದಿಂದ ಇನ್ನೊಬ್ಬರ ಕಣ್ಣಿಗೆ ಅದೇ ಪ್ರವಾಸಿ. ಹಣ ಕಟ್ಟುವ ಮುನ್ನ ಆತ ಏಜೆಂಟರನ್ನು ಎರಡು ಮಾತು ಕೇಳಬಹುದು: ಆ ವಸತಿಗೃಹದ ನೀರು ಎಲ್ಲಿಂದ ಬರುತ್ತದೆ, ಕೊಳಚೆ ಎಲ್ಲಿಗೆ ಹೋಗುತ್ತದೆ? ಏಜೆಂಟರಿಗೆ ಗೊತ್ತಿಲ್ಲವೆಂದಾದರೆ ದ್ವೀಪಕ್ಕೆ ಫೋನು ಮಾಡಿ ಕೇಳಿ ಹೇಳಲಿ. ಹತ್ತು ನಿಮಿಷದ ಕೆಲಸ.