ಒಂದು ಲ್ಯಾಬ್ ಪೀರಿಯಡ್ ವಿಪಿಎನ್‌ಗೂ ಇರಲಿ

ನಮ್ಮ ಆಪಾ ಬೆಂಗಳೂರಿನ ಒಂದು ಲೆಕ್ಕಪತ್ರ ಕಚೇರಿಗೆ ಶಿರಾದ ನಮ್ಮ ಮನೆಯಿಂದಲೇ ಕೆಲಸ ಮಾಡುತ್ತಾರೆ. ನಾನಿ ಹಾಸಿಗೆ ಹಿಡಿದಿರುವುದರಿಂದ ಆಪಾ ಊರು ಬಿಡುವಂತಿಲ್ಲ. ಕಳೆದ ತಿಂಗಳು 18ನೇ ತಾರೀಖಿನ ಸಂಜೆ ಕಚೇರಿಯ ಶೇರ್ಡ್ ಫೋಲ್ಡರ್ ತೆರೆಯಲೇ ಇಲ್ಲ. ವಿಪಿಎನ್ ಮಾತ್ರ ‘ಕನೆಕ್ಟೆಡ್’ ಎಂದೇ ತೋರಿಸುತ್ತಿತ್ತು. ಜಿಎಸ್‌ಟಿಆರ್-3ಬಿ ಸಲ್ಲಿಸಲು 20ನೇ ತಾರೀಖು ಕೊನೆಯ ದಿನ. ತಡವಾದರೆ ವ್ಯಾಪಾರಿಗಳು ವಿಳಂಬ ಶುಲ್ಕ ಕಟ್ಟಬೇಕು. “ಅಲ್ಲಿಂದ ಆಗದಿದ್ದರೆ ಮುಂದಿನ ತಿಂಗಳಿಂದ ಇಲ್ಲಿಗೇ ಬಂದುಬಿಡಿ” ಎಂದರು ಕಚೇರಿಯವರು.

ಸಹೋದ್ಯೋಗಿಯೊಬ್ಬರು ಫೈಲ್‌ಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತೇನೆ ಎಂದರು. ಆಪಾ ಬೇಡವೆಂದರು. ನನಗೆ ಸಿಟ್ಟು ಬಂತು. “ಬೇರೆಯವರ ಲೆಕ್ಕ ನಮ್ಮ ಹತ್ತಿರ ಅಮಾನತ್ ಕಣೇ, ಫೋನಿನಿಂದ ಫೋನಿಗೆ ಓಡಾಡಿಸೋಕಾಗಲ್ಲ” ಎಂದರು. ಈಗ ಯೋಚಿಸಿದರೆ ಅವರು ಹೇಳಿದ್ದೇ ಸರಿ. ಒಂದೇ ಫೈಲಿನ ನಾಲ್ಕು ಪ್ರತಿಗಳು ನಾಲ್ಕು ಫೋನುಗಳಲ್ಲಿದ್ದರೆ, ತಿದ್ದಿದ ಪ್ರತಿ ಯಾವುದೆಂದೂ ಗೊತ್ತಾಗುವುದಿಲ್ಲ, ಯಾರ ಕೈ ಸೇರಿತೆಂದೂ ಗೊತ್ತಾಗುವುದಿಲ್ಲ.

ವಿಪಿಎನ್ ಎಂದರೆ ನಮ್ಮಲ್ಲಿ ಅನೇಕರಿಗೆ ಕಳ್ಳದಾರಿ ಎಂಬ ಭಾವನೆಯಿದೆ. ಪಕ್ಕದ ಮನೆಯವರು ಅಮ್ಮಿಯನ್ನು, “ಅದು ಸರ್ಕಾರ ಬಂದ್ ಮಾಡಿದ್ದಲ್ವಾ?” ಎಂದೇ ಕೇಳಿದ್ದರು. ಅದು ತಪ್ಪು ತಿಳಿವಳಿಕೆ. ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನ, ಜನರಿಗೆ ವಿಪಿಎನ್ ಸೇವೆ ಮಾರುವವರು ಗ್ರಾಹಕರ ವಿವರಗಳನ್ನು ಐದು ವರ್ಷ ಇಟ್ಟುಕೊಳ್ಳಬೇಕೆಂದು ಹೇಳಿತು. ಕಚೇರಿಗಳು ತಮ್ಮ ನೌಕರರಿಗಾಗಿ ಇಟ್ಟುಕೊಂಡ ವಿಪಿಎನ್‌ಗೆ ಅದು ಅನ್ವಯಿಸುವುದಿಲ್ಲವೆಂದು ಮರು ತಿಂಗಳೇ ಸ್ಪಷ್ಟಪಡಿಸಲಾಯಿತು. ಕಚೇರಿಗಳಿಗೆ ಇದು ಬೇಕೇ ಬೇಕು. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ವೈರಸ್ ನೂರೈವತ್ತಕ್ಕೂ ಹೆಚ್ಚು ದೇಶಗಳಲ್ಲಿ ಕಂಪ್ಯೂಟರುಗಳಿಗೆ ಬೀಗ ಜಡಿದಿತ್ತು. ಅದು ನುಗ್ಗಿದ್ದು ವಿಂಡೋಸ್‌ನ ಫೈಲ್ ಹಂಚಿಕೆ ವ್ಯವಸ್ಥೆಯಲ್ಲಿದ್ದ ಒಂದು ದೋಷದ ಮೂಲಕ. ಅದಕ್ಕೇ ಬುದ್ಧಿವಂತರು ಫೋಲ್ಡರನ್ನು ಇಂಟರ್‌ನೆಟ್‌ಗೆ ತೆರೆದಿಡದೆ ವಿಪಿಎನ್ ಒಳಗಿಡುತ್ತಾರೆ.

ಮತ್ತೆ ನಮ್ಮ ಮನೆಗೆ ಬರುತ್ತೇನೆ. ಕಚೇರಿಯವರು “ನಮ್ಮ ಕಡೆ ಸರಿಯಿದೆ” ಎಂದರು. ಇಂಟರ್‌ನೆಟ್ ಕಂಪನಿಯವರೂ “ನಮ್ಮ ಕಡೆ ಸರಿಯಿದೆ” ಎಂದರು. ಇಬ್ಬರೂ ಹೇಳಿದ್ದು ನಿಜವೇ! ರಾತ್ರಿ ಹತ್ತಕ್ಕೆ ನಾನು ಸುಮ್ಮನೆ ನನ್ನ ಫೋನಿನ ಹಾಟ್‌ಸ್ಪಾಟ್ ಹಾಕಿ ನೋಡಿದೆ. ಫೋಲ್ಡರ್ ತಟ್ಟನೆ ತೆರೆಯಿತು. ಮನೆಯ ವೈಫೈಗೆ ಬದಲಿಸಿದರೆ ಮತ್ತೆ ಇಲ್ಲ. ಹಾಗಾದರೆ ತೊಂದರೆ ಇರುವುದು ಹಿಂದಿನ ವಾರ ಹಾಕಿಸಿದ ಹೊಸ ರೌಟರ್‌ನಲ್ಲಿ ಎಂದಾಯಿತು. ಲ್ಯಾಬ್‌ನಲ್ಲಿ ಕಲಿತಿದ್ದ ‘ಐಪಿಕಾನ್ಫಿಗ್’ ಎಂಬ ಆದೇಶ ಕೊಟ್ಟು, ಎರಡೂ ಸಲ ಬಂದ ಸಂಖ್ಯೆಗಳನ್ನು ಬರೆದುಕೊಂಡು, ಬೆಳಿಗ್ಗೆ ಕಚೇರಿಯ ತಂತ್ರಜ್ಞರಿಗೆ ಓದಿ ಹೇಳಿದೆವು. ಎರಡೇ ನಿಮಿಷದಲ್ಲಿ ಅವರಿಗೆ ಅರ್ಥವಾಯಿತು.

ಹೊಸ ರೌಟರ್ ನಮ್ಮ ಮನೆಗೆ 192.168.1 ಎಂದು ಆರಂಭವಾಗುವ ವಿಳಾಸಗಳನ್ನು ಕೊಟ್ಟಿತ್ತು. ಕಚೇರಿಯ ಸರ್ವರ್ ವಿಳಾಸವೂ 192.168.1ರಲ್ಲೇ ಇತ್ತು. ಇವು ಖಾಸಗಿ ಬಳಕೆಗೆಂದು ಮೀಸಲಿಟ್ಟ ಸಂಖ್ಯೆಗಳು. ಯಾರ ಮನೆಯಲ್ಲಿ ಬೇಕಾದರೂ ಇರಬಹುದು. ಎರಡು ಊರುಗಳಲ್ಲಿ ಒಂದೇ ಹೆಸರಿನ ಬೀದಿ, ಒಂದೇ ಮನೆ ನಂಬರ್ ಇದ್ದು, ಊರ ಹೆಸರಿಲ್ಲದೆ ಕಾಗದ ಹಾಕಿದರೆ ಅಂಚೆಯಣ್ಣ ಅದನ್ನು ಇದೇ ಊರಿನಲ್ಲಿ ಹುಡುಕುತ್ತಾನೆ. ಆಪಾ ಅವರ ಕಂಪ್ಯೂಟರ್ ಕೂಡ ಸರ್ವರನ್ನು ನಮ್ಮ ಮನೆಯೊಳಗೇ ಹುಡುಕುತ್ತಿತ್ತು. ರೌಟರ್ ಸೆಟ್ಟಿಂಗ್‌ನಲ್ಲಿ ಮನೆಯ ವಿಳಾಸಗಳನ್ನು 192.168.57ಕ್ಕೆ ಬದಲಿಸಿ, ರೀಸ್ಟಾರ್ಟ್ ಮಾಡಿದೆವು. ಫೋಲ್ಡರ್ ತೆರೆಯಿತು. 20ರೊಳಗೆ ಕೆಲಸ ಮುಗಿಯಿತು.

“ಇದೆಲ್ಲ ಐಟಿಯವರ ಕೆಲಸ, ಪಿಯುಸಿ ಮಕ್ಕಳಿಗೇಕೆ?” ಎಂದು ಕೇಳಬಹುದು. ಆದರೆ ಬೆಂಗಳೂರಿನಲ್ಲಿ ಕುಳಿತವರಿಗೆ ನಮ್ಮ ಮನೆಯ ರೌಟರ್ ಕಾಣುವುದಿಲ್ಲ. ನಾವು “ಫೈಲ್ ಬರ್ತಿಲ್ಲ ಸಾರ್” ಎಂದಷ್ಟೇ ಹೇಳಿದರೆ ಅವರು ಏನು ಮಾಡಿಯಾರು? ಎಲ್ಲಿಯವರೆಗೆ ಸರಿಯಿದೆ, ಎಲ್ಲಿ ನಿಂತಿದೆ ಎಂದು ಹೇಳಲು ನಮಗೆ ಬರಬೇಕು. ಮೊದಲು ಇಂಟರ್‌ನೆಟ್ ಇದೆಯೇ ನೋಡಬೇಕು, ನಂತರ ವಿಪಿಎನ್. ಆಮೇಲೆ ಸರ್ವರನ್ನು ಹೆಸರಿನಿಂದಲೂ ಸಂಖ್ಯೆಯಿಂದಲೂ ಕರೆದು ನೋಡಬೇಕು. ಸಂಖ್ಯೆಗೆ ಓಗೊಟ್ಟು ಹೆಸರಿಗೆ ಓಗೊಡದಿದ್ದರೆ ಹೆಸರು ಹುಡುಕುವ ಡಿಎನ್ಎಸ್‌ನಲ್ಲಿ ತೊಂದರೆ. ಸರ್ವರ್ ಸಿಕ್ಕಿಯೂ ಅನುಮತಿಯಿಲ್ಲ ಎಂದು ಬಂದರೆ, ಕಂಪ್ಯೂಟರಿನಲ್ಲಿ ಉಳಿದ ಹಳೆಯ ಪಾಸ್‌ವರ್ಡನ್ನೋ ಫೋಲ್ಡರಿನ ಅನುಮತಿಯನ್ನೋ ಪರೀಕ್ಷಿಸಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಕಂಡದ್ದನ್ನು ಬರೆದುಕೊಳ್ಳಬೇಕು.

ಐಪಿ ವಿಳಾಸದ ವ್ಯಾಖ್ಯೆಯನ್ನು ನಾವು ಅಂಕಕ್ಕಾಗಿ ಬಾಯಿಪಾಠ ಮಾಡುತ್ತೇವೆ. ನಮ್ಮ ಮನೆಯ ಐಪಿ ವಿಳಾಸ ಎಷ್ಟೆಂದು ನನ್ನ ತರಗತಿಯಲ್ಲಿ ಕೇಳಿದೆ, ಒಬ್ಬರೂ ಹೇಳಲಿಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ನಮ್ಮಂಥ ಹೆಣ್ಣುಮಕ್ಕಳಲ್ಲಿ ಎಷ್ಟೋ ಜನರಿಗೆ ಡಿಗ್ರಿ ಮುಗಿದ ಮೇಲೆ ಬೆಂಗಳೂರಿನಲ್ಲಿ ಪಿಜಿ ಹಿಡಿಯಲು ಮನೆಯಲ್ಲಿ ಒಪ್ಪುವುದಿಲ್ಲ, ಅಥವಾ ಆಪಾಗೆ ಇದ್ದಂತೆ ಬಿಡಲಾಗದ ಜವಾಬ್ದಾರಿ ಇರುತ್ತದೆ. ಅಂಥವರಿಗೆ ಮನೆಯಿಂದ ಮಾಡುವ ಕೆಲಸ ದೊಡ್ಡ ಬಾಗಿಲು. ಅದು ರೌಟರ್‌ನ ಒಂದು ಸಂಖ್ಯೆಯಿಂದ ಮುಚ್ಚಬಾರದು.

ಆದ್ದರಿಂದ ನಮ್ಮ ಗಣಕ ವಿಜ್ಞಾನ ಉಪನ್ಯಾಸಕರಲ್ಲಿ ಒಂದು ವಿನಂತಿ. ಪ್ರಾಯೋಗಿಕ ಪರೀಕ್ಷೆ ಮುಗಿದ ಮೇಲೆ ಒಂದೇ ಒಂದು ಪೀರಿಯಡ್ ಕೊಡಿ. ಲ್ಯಾಬ್‌ನ ಎರಡು ಕಂಪ್ಯೂಟರ್‌ಗಳ ನಡುವೆ ಒಂದು ಫೋಲ್ಡರ್ ಹಂಚಿ, ನೀವೇ ಬೇಕೆಂದು ಅದನ್ನು ಕೆಡಿಸಿಡಿ. ಎಲ್ಲಿ ಕೆಟ್ಟಿದೆಯೆಂದು ನಾವು ಹುಡುಕುತ್ತೇವೆ. ವಾಣಿಜ್ಯ ಮತ್ತು ಕಲಾ ವಿಭಾಗದವರನ್ನೂ ಕರೆಯಿರಿ. ನಾಳೆ ಈ ಫೋಲ್ಡರ್‌ಗಳನ್ನು ತೆರೆಯಬೇಕಾದವರಲ್ಲಿ ಹೆಚ್ಚಿನವರು ಅವರೇ.